ಗಾಂಧಿ ಕ್ಲಾಸಿನ ಬೆಂಚು ಕಿತ್ತವರು ಯಾರು?

2024ರ ಜುಲೈ ತಿಂಗಳಲ್ಲಿ ಹಾವೇರಿ ಜಿಲ್ಲೆಯ ಒಬ್ಬ ವೃದ್ಧ ರೈತ ಬೆಂಗಳೂರಿಗೆ ಬಂದಿದ್ದ. ಮಗ ತಂದೆಗೊಂದು ಸಿನಿಮಾ ತೋರಿಸೋಣವೆಂದು ಮಾಗಡಿ ರಸ್ತೆಯ ಮಾಲ್ ಒಂದಕ್ಕೆ ಕರೆದುಕೊಂಡು ಹೋದ. ಟಿಕೆಟ್ ಕೈಯಲ್ಲೇ ಇತ್ತು. ಬಾಗಿಲಲ್ಲಿ ಕಾವಲಿನವರು ತಡೆದರು. ಕಾರಣವೇನೆಂದರೆ ಮುದುಕ ಪಂಚೆ ಉಟ್ಟಿದ್ದ! ಪ್ಯಾಂಟು ಹಾಕಿಕೊಂಡು ಬಂದರೆ ಒಳಗೆ, ಇಲ್ಲವಾದರೆ ಹೊರಗೆ. ಊರೆಲ್ಲ ಕೂಗೆದ್ದಿತು. ಸರ್ಕಾರ ಏಳು ದಿನ ಮಾಲ್ ಮುಚ್ಚಿಸುವುದಾಗಿ ಹೇಳಿತು. ಮಾಲಿನವರು ಕ್ಷಮೆ ಬೇಡಿದರು. ಅಲ್ಲಿಗೆ ಆ ಮಾತು ಮುಗಿಯಿತು.

ಆದರೆ ನಮಗೆ ಅದು ಮುಗಿದ ಮಾತಲ್ಲ. ಪಂಚೆಗೆ ಆದ ಅವಮಾನವನ್ನು ಎಲ್ಲರೂ ಖಂಡಿಸಿದರು, ಸರಿ. ಅದರ ಹಿಂದಿನ ಪ್ರಶ್ನೆ ಅಷ್ಟಾಗಿ ಕೇಳಿಬರಲಿಲ್ಲ. ಒಬ್ಬ ರೈತ ಒಂದು ಸಿನಿಮಾ ನೋಡಬೇಕಾದರೆ ಕಾವಲುಗಾರನ ಮುಂದೆ ಬಟ್ಟೆಯ ಲೆಕ್ಕ ಒಪ್ಪಿಸುವ ಕಾಲ ಹೇಗೆ ಬಂತು? ಪಂಚೆಯವರಿಂದಲೇ ಹೊಟ್ಟೆ ಹೊರೆದ ಸಿನಿಮಾ ಮಂದಿರಗಳು ಅದೇ ಬೆಂಗಳೂರಿನಲ್ಲಿ ಬೀದಿಗೊಂದರಂತೆ ಇದ್ದವಲ್ಲ, ಅವು ಎಲ್ಲಿ ಹೋದವು?

ಮಾಗಡಿ ರಸ್ತೆ ಎಂದರೆ ಯಾವ ರಸ್ತೆ ಎಂಬುದನ್ನು ಗಿರಣಿಯ ಗೆಳೆಯರಿಗೆ ನಾವು ಹೇಳಬೇಕಾಗಿಲ್ಲ. ಬಿನ್ನಿ ಮಿಲ್ಲಿನ ಸೈರನ್ನಿಗೆ ಎದ್ದು ಮಲಗಿದ ಬಡಾವಣೆಗಳು ಅಲ್ಲಿವೆ. ಮಿನರ್ವ ಮಿಲ್ಲಿನವರೂ ಅದೇ ಸೀಮೆಯವರು. (ಆ ಮಿಲ್ಲಿನ ಹೆಸರಿನಲ್ಲಿ 1980ರಲ್ಲಿ ಸುಪ್ರೀಂ ಕೋರ್ಟಿನ ದೊಡ್ಡ ತೀರ್ಪು ಬಂದು ವಕೀಲರು ಇಂದಿಗೂ ಓದುತ್ತಾರೆ. ಮಿಲ್ಲಿನಲ್ಲಿ ನೂಲು ತೆಗೆದವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ.) ಮಲ್ಲೇಶ್ವರದ ಕಡೆ ರಾಜಾ ಮಿಲ್ ಇತ್ತು. ಇಂದು ರಾಜಾ ಮಿಲ್ಲಿನ ನೆಲದ ಮೇಲೆ ಮಾಲ್ ನಿಂತಿದೆ. ಬಿನ್ನಿ ಮಿಲ್ಲಿನ ನೆಲದ ಮೇಲೂ ಮಾಲ್, ಅದರ ಪಕ್ಕದಲ್ಲಿ ಗಗನಚುಂಬಿ ಮನೆಗಳು. ಮೊದಲು ಗಿರಣಿ ಹೋಯಿತು, ಅದರ ಹಿಂದೆಯೇ ಗಿರಣಿಯವನು ಪಾಳಿ ಮುಗಿಸಿ ಹೋಗಿ ಕೂರುತ್ತಿದ್ದ ಟಾಕೀಸೂ ಹೋಯಿತು. ಎರಡನ್ನೂ ನುಂಗಿದ ಬಾಯಿ ಒಂದೇ.

ಉದಾಹರಣೆಗೆ ಒಂದು ಮಂದಿರವನ್ನೇ ಹಿಡಿದು ಮಾತಾಡೋಣ.

1968ರಲ್ಲಿ ಗಾಂಧಿನಗರದ ಸುಬೇದಾರ್ ಛತ್ರಂ ರಸ್ತೆಯಲ್ಲಿ ಕಪಾಲಿ ಚಿತ್ರಮಂದಿರ ಬಾಗಿಲು ತೆರೆಯಿತು. ಆಗ ನಮ್ಮದು ಇನ್ನೂ ಮೈಸೂರು ರಾಜ್ಯ. ಉದ್ಘಾಟಿಸಿದವರು ಅಂದಿನ ಉಪಪ್ರಧಾನಿ ಮೊರಾರ್ಜಿ ದೇಸಾಯಿ. ಚಿನ್ನದ ನಿಯಂತ್ರಣ ತಂದು ಅಕ್ಕಸಾಲಿಗರ ಕುಲುಮೆ ಆರಿಸಿದ, ಪಾನನಿರೋಧದ ಹಟ ಹಿಡಿದ ಮನುಷ್ಯ ಸಿನಿಮಾ ಮಂದಿರ ತೆರೆಯಲು ಬಂದದ್ದು ಸೋಜಿಗವೇ. ಇರಲಿ. 1,400ಕ್ಕೂ ಹೆಚ್ಚು ಸೀಟು, ಸಿನಿರಾಮಾ ಪದ್ಧತಿಯ ಬಾಗಿದ ದೊಡ್ಡ ಪರದೆ. ದಿನಕ್ಕೆ ನಾಲ್ಕು ಆಟ ತುಂಬಿದರೆ 5,600 ಜನ. ಅಂದರೆ ಒಂದು ಹೋಬಳಿಯ ಊರು ಬೆಳಗಿನಿಂದ ರಾತ್ರಿಯೊಳಗೆ ಒಂದು ಬಾಗಿಲಿನಲ್ಲಿ ಒಳಹೊಕ್ಕು ಇನ್ನೊಂದು ಬಾಗಿಲಿನಲ್ಲಿ ಹೊರಬಂದ ಹಾಗೆ.

ಕೂಗಳತೆಯಲ್ಲೇ ಬಸ್ ನಿಲ್ದಾಣ. ಅದರಾಚೆ ರೈಲು ನಿಲ್ದಾಣ. ಊರಿನಿಂದ ಕೋರ್ಟು ಕೆಲಸಕ್ಕೆ ಬಂದವರು, ಚಿಕ್ಕಪೇಟೆಯಲ್ಲಿ ಬಟ್ಟೆಯ ಗಂಟು ಕಟ್ಟಿಸಿಕೊಂಡು ರಾತ್ರಿ ಬಸ್ಸಿಗೆ ಕಾದ ಸಣ್ಣ ವರ್ತಕರು, ರಜೆಯ ದಿನದ ಕಾರ್ಮಿಕರು, ಕೆಲಸ ಹುಡುಕಿ ಬಂದು ಸಿಗದೆ ತಲೆ ಕೆಟ್ಟ ಹುಡುಗರು, ಎಲ್ಲರಿಗೂ ಮೂರು ಗಂಟೆ ನೆರಳು ಮತ್ತು ಫ್ಯಾನಿನ ಗಾಳಿ ಸಿಕ್ಕುತ್ತಿದ್ದುದು ಆ ಬೀದಿಗಳ ಟಾಕೀಸುಗಳಲ್ಲಿ. ಆ ಇಡೀ ಪ್ರದೇಶಕ್ಕೆ ಮೆಜೆಸ್ಟಿಕ್ ಎಂಬ ಹೆಸರು ಬಂದದ್ದೇ ಒಂದು ಟಾಕೀಸಿನಿಂದ. ಬಸ್ ಕಂಡಕ್ಟರು ಇಂದಿಗೂ "ಮೆಜೆಸ್ಟಿಕ್, ಮೆಜೆಸ್ಟಿಕ್" ಎಂದು ಕೂಗುತ್ತಾನೆ. ಮೆಜೆಸ್ಟಿಕ್ ಟಾಕೀಸು ಇಲ್ಲ. ಅಲಂಕಾರ್ ಇದ್ದಲ್ಲಿ ಅಂಗಡಿಗಳ ಸಂಕೀರ್ಣ. ಕೆಂಪೇಗೌಡ, ತ್ರಿಭುವನ್, ಕೈಲಾಶ್ ಒಂದೊಂದಾಗಿ ದೀಪ ಆರಿಸಿದವು. 2017ರ ಅಕ್ಟೋಬರಿನಲ್ಲಿ ಕಪಾಲಿಯೂ ಕೊನೆಯ ಆಟ ಆಡಿ ಬಾಗಿಲು ಹಾಕಿತು. ಗೋಡೆ ಕೆಡವಿ, ಆ ಜಾಗದಲ್ಲಿ ಮಾಲ್ ಮತ್ತು ಮಲ್ಟಿಪ್ಲೆಕ್ಸ್ ಎಬ್ಬಿಸಿದ್ದಾರೆ.

ಟಾಕೀಸಿನೊಳಗೆ ಸಮಾನತೆ ಇತ್ತೆಂದು ಹಾಡಿ ಹೊಗಳುವವರು ನಾವಲ್ಲ. ಅಲ್ಲೂ ವರ್ಗವಿತ್ತು. ಮೇಲೆ ಬಾಲ್ಕನಿ, ಕೆಳಗೆ ಫಸ್ಟ್ ಕ್ಲಾಸು, ಸೆಕೆಂಡ್ ಕ್ಲಾಸು, ಪರದೆಯ ಮೂಗಿನ ಕೆಳಗೆ ಗಾಂಧಿ ಕ್ಲಾಸು. ಗಾಂಧೀಜಿ ರೈಲಿನಲ್ಲಿ ಮೂರನೆಯ ದರ್ಜೆಯಲ್ಲಿ ಓಡಾಡಿದರೆಂದು ಎಲ್ಲಕ್ಕಿಂತ ಅಗ್ಗದ ಸೀಟಿಗೆ ಜನ ಅವರ ಹೆಸರಿಟ್ಟರು ಎನ್ನುತ್ತಾರೆ. ಬೆನ್ನಿಗೆ ಆಸರೆಯಿಲ್ಲದ ಬೆಂಚು, ಕತ್ತು ಎತ್ತಿ ನೋಡಿ ನೋಡಿ ನೋವು, ತಿಗಣೆ ಬೇರೆ. ಹಾಗಿದ್ದರೂ ಒಂದು ಮಾತುಂಟು. ಹೋಟೆಲಿನಲ್ಲಿ ಬೇರೆ ಲೋಟ ಇಟ್ಟ ಕಾಲದಲ್ಲಿಯೂ ಟಾಕೀಸಿನ ಟಿಕೆಟ್ ಕಿಂಡಿ ಕೈಯೊಳಗಿನ ಕಾಸು ಎಣಿಸಿತೇ ಹೊರತು ಕೈ ಯಾರದೆಂದು ಕೇಳಲಿಲ್ಲ. ಬಾಲ್ಕನಿಯ ಸಾಹುಕಾರ ನೋಡಿದ ಚಿತ್ರವನ್ನೇ ಅದೇ ಹೊತ್ತಿನಲ್ಲಿ ಅವನ ಮೂಟೆ ಹೊತ್ತ ಹಮಾಲಿಯೂ ನೋಡಿದ. ಚಿತ್ರ ಚೆನ್ನಾಗಿಲ್ಲವೆಂದರೆ ಮೊದಲು ಸಿಳ್ಳೆ ಹಾಕಿ ತೀರ್ಪು ಕೊಟ್ಟವನು ಗಾಂಧಿ ಕ್ಲಾಸಿನವನೇ. ನಿರ್ಮಾಪಕರು ಆ ಸಿಳ್ಳೆಗೆ ಹೆದರುತ್ತಿದ್ದರು.

1972ರಲ್ಲಿ ಬಂದ 'ಬಂಗಾರದ ಮನುಷ್ಯ' ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತು. ಅದನ್ನು ಎರಡು ವರ್ಷ ಓಡಿಸಿದವರು ಬಾಲ್ಕನಿಯ ನಾಲ್ಕು ಸಾಲಿನವರೇ? ನಾಲ್ಕು ಸಲ, ಹತ್ತು ಸಲ ಬಂದು ಮುಂದಿನ ಬೆಂಚು ತುಂಬಿದವರು ದುಡಿಯುವ ಜನ. ಕನ್ನಡ ಚಿತ್ರರಂಗ ಕಾಲೂರಿದ್ದು ಆ ಬೆಂಚಿನ ಮೇಲೆ. ಬೆಂಚು ಕಿತ್ತುಹಾಕಿ ಈಗ ಕನ್ನಡ ಚಿತ್ರಕ್ಕೆ ಜನ ಬರುತ್ತಿಲ್ಲವೆಂದು ಸಭೆ ಕೂಡಿಸುತ್ತಾರೆ!

ಇನ್ನು ಟಾಕೀಸು ಸತ್ತದ್ದು ಹೇಗೆ ಎಂಬುದಕ್ಕೆ ಬರೋಣ. ಕೇಳಿದರೆ ಸಿದ್ಧ ಉತ್ತರವಿದೆ: ಟಿ.ವಿ. ಬಂತು, ಮೊಬೈಲ್ ಬಂತು, ಜನ ಮನೆಯಲ್ಲೇ ಕೂತು ನೋಡುತ್ತಾರೆ. ಇದು ಅರ್ಧ ಸತ್ಯ. ಜನ ಸಿನಿಮಾ ಮಂದಿರಕ್ಕೆ ಹೋಗುವುದನ್ನೇ ಬಿಟ್ಟಿದ್ದರೆ 1997ರಲ್ಲಿ ದೆಹಲಿಯ ಸಾಕೇತದಲ್ಲಿ ಒಂದು ಕಟ್ಟಡದಿಂದ ಆರಂಭವಾದ ಮಲ್ಟಿಪ್ಲೆಕ್ಸ್ ಕಂಪನಿ 2023ರಲ್ಲಿ ತನ್ನ ದೊಡ್ಡ ಪ್ರತಿಸ್ಪರ್ಧಿಯೊಡನೆ ಒಂದಾಗಿ 1,500ಕ್ಕೂ ಮೀರಿದ ಪರದೆಗಳ ಒಡೆಯನಾದದ್ದು ಹೇಗೆ? ಜನ ಬಿಟ್ಟ ವ್ಯಾಪಾರಕ್ಕೆ ಇಷ್ಟು ಬಂಡವಾಳ ಸುರಿಯಲು ಶೇರು ಪೇಟೆಯವರು ಹುಚ್ಚರೇ?

ಇನ್ನರ್ಧ ಸತ್ಯ ಬೇರೆ ಕಡೆ ಇದೆ. ಹಿಂದೆ ಚಿತ್ರದ ಪ್ರಿಂಟುಗಳು ಎಣಿಕೆಯವು. ಮೊದಲು ಕೆಂಪೇಗೌಡ ರಸ್ತೆ, ಆಮೇಲೆ ಬಡಾವಣೆಯ ಟಾಕೀಸು, ಆಮೇಲೆ ಜಿಲ್ಲಾ ಪಟ್ಟಣ, ತಾಲ್ಲೂಕು, ಕೊನೆಗೆ ಸವೆದು ಗೀರು ಬಿದ್ದ ಅದೇ ಪ್ರಿಂಟು ಜಾತ್ರೆಯ ಟೆಂಟಿಗೆ. ಒಂದು ಚಿತ್ರ ಊರೂರು ಸುತ್ತಿ ಎಲ್ಲರಿಗೂ ಕೂಳು ಹಾಕುತ್ತಿತ್ತು. ತಡವಾಗಿ ಬಂದರೂ ಅಗ್ಗವಾಗಿ ಬರುತ್ತಿತ್ತು. ಡಿಜಿಟಲ್ ಬಂದ ಮೇಲೆ ಎಲ್ಲ ಕಡೆ ಒಂದೇ ಶುಕ್ರವಾರ. ಎರಡು ವಾರದಲ್ಲಿ ಸುಗ್ಗಿ ಮುಗಿಯಿತು, ಮೂರನೆಯ ವಾರ ಪೋಸ್ಟರು ಬದಲು. ಈ ಎರಡು ವಾರದ ಕೊಯ್ಲಿನಲ್ಲಿ ಹತ್ತು ಪರದೆಯ ಮಾಲಿಗೆ ಎಂಟು ಚಿತ್ರ ಸಿಕ್ಕರೆ ಒಂದು ಪರದೆಯ ಟಾಕೀಸಿಗೆ ಸಿಗುವುದು ಒಂದು. ಅದು ಸೋತರೆ ವಾರವೆಲ್ಲ ಕುರ್ಚಿ ಖಾಲಿ. ಸಾಲದ್ದಕ್ಕೆ ಪ್ರೊಜೆಕ್ಟರು ನಡೆಸುವ ಡಿಜಿಟಲ್ ಕಂಪನಿಗಳ ಶುಲ್ಕ ಬೇರೆ. ಆ ಶುಲ್ಕದ ಹೊರೆ ತಾಳಲಾರದೆ 2018ರ ಮಾರ್ಚಿಯಲ್ಲಿ ದಕ್ಷಿಣದ ನಿರ್ಮಾಪಕರೇ ಹೊಸ ಚಿತ್ರಗಳನ್ನು ತಡೆಹಿಡಿದು ಮುಷ್ಕರ ಹೂಡಿದರು. ಕೂಲಿಗಾರ ಮುಷ್ಕರ ಹೂಡಿದರೆ ದೇಶದ್ರೋಹವೆನ್ನುವವರು ಅಂದು ಮೌನವಾಗಿದ್ದರು.

ಟಾಕೀಸಿನ ಮಾಲೀಕರೂ ಹಸುಗೂಸುಗಳಲ್ಲ. ಒಳ್ಳೆಯ ದಿನಗಳಲ್ಲಿ ಅವರು ನಿರ್ಮಾಪಕನಿಂದ ವಾರದ ಬಾಡಿಗೆ ಮುಂಗಡ ಎಣಿಸಿಕೊಂಡರು. ಚಿತ್ರ ಗೆದ್ದರೂ ಸೋತರೂ ತಮಗೇನು ನಷ್ಟ? ಬಡ ನಿರ್ಮಾಪಕನ ಚಿತ್ರ ಮೂರು ದಿನಕ್ಕೆ ಕಿತ್ತುಹೋದರೂ ಬಾಡಿಗೆ ಬಾಡಿಗೆಯೇ. ಗಳಿಕೆಯಲ್ಲಿ ಪಾಲು ಎಂಬ ಪದ್ಧತಿಯನ್ನು ಮಲ್ಟಿಪ್ಲೆಕ್ಸಿನವರು ತಂದಾಗ ನಿರ್ಮಾಪಕರು ಆ ಕಡೆ ವಾಲಿದರು, ಅದರಲ್ಲಿ ಅಚ್ಚರಿಯಿಲ್ಲ. ಬಾಡಿಗೆಯಲ್ಲಿ ಬಂದ ಹಣದಿಂದ ಎಷ್ಟು ಮಂದಿ ಮಾಲೀಕರು ಹೆಂಗಸರ ಕಕ್ಕಸಿಗೆ ಒಂದು ಗಟ್ಟಿ ಬಾಗಿಲು ಹಾಕಿಸಿದರು? ಹೊಸ ಚಿತ್ರ ಬಂದ ದಿನ ಕಿಂಡಿ ತೆರೆಯುವ ಮೊದಲೇ 'ಹೌಸ್ ಫುಲ್' ಬೋರ್ಡು ಬಿದ್ದು ಸೈಕಲ್ ಸ್ಟ್ಯಾಂಡಿನ ಪಕ್ಕ ಬ್ಲ್ಯಾಕ್ ಟಿಕೆಟ್ ಮಾರಿದ್ದು ಮಾಲೀಕರಿಗೆ ತಿಳಿಯದೆಯೇ? ಮನೆಯ ಹೆಣ್ಣುಮಕ್ಕಳನ್ನು ಕರೆದುಕೊಂಡು ಹೋಗಲು ಮರ್ಯಾದಸ್ಥ ಸಂಸಾರಗಳು ಹಿಂದೆಗೆದದ್ದಕ್ಕೆ ಇವರ ಉದಾಸೀನವೂ ಕಾರಣ. ಇದನ್ನು ನಾವು ಮುಚ್ಚಿಡುವುದಿಲ್ಲ.

ತೆರಿಗೆಯ ಕಥೆ ಇನ್ನೊಂದು. ಕರ್ನಾಟಕದಲ್ಲಿ ಕನ್ನಡ ಚಿತ್ರಕ್ಕೆ ಮನರಂಜನಾ ತೆರಿಗೆಯ ವಿನಾಯಿತಿ ಇತ್ತು. 2017ರ ಜುಲೈ 1ರಂದು ಜಿ.ಎಸ್.ಟಿ. ಬಂದು 100 ರೂಪಾಯಿಯವರೆಗಿನ ಟಿಕೆಟಿಗೆ ಶೇಕಡ 18, ಅದರ ಮೇಲಿನದಕ್ಕೆ ಶೇಕಡ 28 ಎಂದಿತು. ಅದೇ ವರ್ಷ ಕಪಾಲಿ ಮುಚ್ಚಿತೆಂಬುದನ್ನು ನೆನಪಿಡಿ. 2019ರಲ್ಲಿ ಅದು 12 ಮತ್ತು 18 ಆಯಿತು. 2025ರ ಸೆಪ್ಟೆಂಬರಿನಲ್ಲಿ ಅಗ್ಗದ ಟಿಕೆಟಿನ ಮೇಲಿನ ತೆರಿಗೆಯನ್ನು ಶೇಕಡ 5ಕ್ಕೆ ಇಳಿಸಿದರು. ಬಹಳ ಸಂತೋಷ. ಆದರೆ 100 ರೂಪಾಯಿಯ ಟಿಕೆಟ್ ಮಾರುವ ಕಿಂಡಿಗಳು ಎಷ್ಟು ಉಳಿದಿವೆ? ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗಾಯಿತು.

ಇವೆಲ್ಲ ಕಾಯಿಲೆಗಳು ನಿಜ. ಕಾಯಿಲೆಯಿಂದ ಮಲಗಿದವನ ಕತ್ತು ಹಿಸುಕಿದ್ದು ಮಾತ್ರ ನೆಲದ ಬೆಲೆ. ಟಾಕೀಸು ನಷ್ಟದಲ್ಲಿತ್ತು ಎನ್ನುತ್ತಾರೆ. ಯಾವುದರೊಡನೆ ಹೋಲಿಸಿ ನಷ್ಟ? ವರ್ಷವೆಲ್ಲ ಟಿಕೆಟ್ ಹರಿದು ಬರುವ ಲಾಭವನ್ನು, ಅದೇ ನೆಲದ ಮೇಲೆ ಮಾಲ್ ಕಟ್ಟಿದರೆ ಬರುವ ಬಾಡಿಗೆಯ ಪಕ್ಕ ಇಟ್ಟು ನೋಡಿದರೆ ಯಾವ ಟಾಕೀಸೂ ನಷ್ಟವೇ. ಆ ಲೆಕ್ಕದಲ್ಲಿ ಶಾಲೆಯೂ ನಷ್ಟ, ಕೆರೆಯೂ ನಷ್ಟ, ಸಂತೆ ಮೈದಾನವೂ ನಷ್ಟ.

ನಮ್ಮ ವಾದದ ಬುಡ ಇಲ್ಲಿದೆ, ಓದುಗರು ಸ್ವಲ್ಪ ನಿಧಾನವಾಗಿ ಕೇಳಬೇಕು. ಗಾಂಧಿನಗರದ ನೆಲಕ್ಕೆ ಆ ಬೆಲೆ ಕೊಟ್ಟವರು ಯಾರು? ಮಾಲೀಕ ಅಲ್ಲಿ ಚಿನ್ನ ಬಿತ್ತಲಿಲ್ಲ. ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಬಸ್ ನಿಲ್ದಾಣ ಕಟ್ಟಿದ್ದು ಸಾರ್ವಜನಿಕ ಹಣ. ರಸ್ತೆ, ಚರಂಡಿ, ದೀಪ ಸಾರ್ವಜನಿಕ ಹಣ. 2017ರ ಜೂನ್ ತಿಂಗಳಲ್ಲಿ ಮೆಟ್ರೊ ಮೊದಲ ಹಂತ ಪೂರ್ತಿಯಾಗಿ ಮೆಜೆಸ್ಟಿಕ್ಕಿನ ನೆಲದಡಿ ಎರಡು ಮಾರ್ಗಗಳು ಕೂಡಿದವು. ಅದಕ್ಕೆ ಸುರಿದ ಕೋಟಿಗಳೂ ನಮ್ಮ ನಿಮ್ಮ ತೆರಿಗೆ ಮತ್ತು ಸಾಲ. ಜನ ಓಡಾಡಿದ್ದರಿಂದ ಆ ನೆಲಕ್ಕೆ ಬೆಲೆ ಬಂತು. ಜನರೇ ತಂದ ಬೆಲೆ ಜನರ ಬೆಂಚನ್ನೇ ಕಿತ್ತಿತು. ಹೆಚ್ಚಿದ ಬೆಲೆಯ ಫಲವೆಲ್ಲ ಒಬ್ಬನ ಜೇಬಿಗೆ, ಹೊರಬಿದ್ದ ಗೋಳೆಲ್ಲ ಉಳಿದವರ ಪಾಲಿಗೆ. ಗಳಿಸದೆ ಬಂದ ಈ ಲಾಭದಲ್ಲಿ ಸಮಾಜಕ್ಕೆ ಪಾಲಿದೆ ಎಂದು ಸಮಾಜವಾದಿಗಳು ಹೇಳಿದರೆ ಅದು ಹೊಟ್ಟೆಕಿಚ್ಚೇ?

ಹೊರಬಿದ್ದವರು ಯಾರೆಂದು ಎಣಿಸೋಣ. ಪ್ರೊಜೆಕ್ಟರ್ ಆಪರೇಟರು ಕಾರ್ಬನ್ ಕಡ್ಡಿಯ ಬೆಂಕಿಯ ಪಕ್ಕ ನಿಂತು ಬೆವರು ಸುರಿಸಿ, ಒಂದು ಯಂತ್ರದ ರೀಲು ಮುಗಿಯುವ ಕ್ಷಣಕ್ಕೆ ಇನ್ನೊಂದನ್ನು ಎತ್ತಿಕೊಡುವ ಕಸುಬು ಕಲಿತವನು. ಸರ್ಕಾರದ ಪರೀಕ್ಷೆ ಪಾಸು ಮಾಡಿ ಪರವಾನಗಿ ಪಡೆದವನು. ಅವನ ಕಸುಬನ್ನು ಒಂದು ಪೆಟ್ಟಿಗೆ ಕಿತ್ತುಕೊಂಡಿತು, ಉಳಿದದ್ದನ್ನು ಬುಲ್‌ಡೋಜರ್ ತೆಗೆಯಿತು. ಗೇಟ್ ಕೀಪರು, ಬುಕಿಂಗ್ ಗುಮಾಸ್ತ, ಕಸ ಗುಡಿಸುವ ಹೆಂಗಸು, ಗೋಡೆಗೆ ಅಂಟು ಬಳಿದು ಪೋಸ್ಟರ್ ಹಚ್ಚಿದವನು, ಕಟೌಟಿಗೆ ಬಣ್ಣ ಹಾಕಿದ ಕಲಾವಿದ. ಇವರಿಗೆ ಪರಿಹಾರವೆಷ್ಟು, ಗ್ರಾಚ್ಯುಯಿಟಿ ಎಷ್ಟು ಎಂದು ಯಾವ ಉದ್ಘಾಟನಾ ಭಾಷಣದಲ್ಲೂ ಕೇಳಿದ್ದೀರಾ?

ಅಂಗಡಿಯ ಗೆಳೆಯರೇ, ಇದು ನಿಮ್ಮ ಮಾತೂ ಹೌದು. ಟಾಕೀಸಿನ ಗೇಟಿನಿಂದ ನೂರು ಗಜದೊಳಗೆ ಎಷ್ಟು ಒಲೆ ಉರಿಯುತ್ತಿದ್ದವು! ಕಡಲೆಕಾಯಿ, ಸೋಡಾ, ಬೀಡಾ, ಮೆಣಸಿನಕಾಯಿ ಬಜ್ಜಿ, ಸೈಕಲ್ ಸ್ಟ್ಯಾಂಡು, ಎರಡನೆಯ ಆಟ ಬಿಟ್ಟ ಮೇಲೂ ತೆರೆದ ಟೀ ಅಂಗಡಿ. ಆಟ ಬಿಟ್ಟಾಗ ಬೀದಿಗೆ ಚೆಲ್ಲಿದ ಜನ ಬೀದಿಯಲ್ಲೇ ದುಡ್ಡು ಬಿಡುತ್ತಿದ್ದರು. ಮಾಲಿನ ಸಿನಿಮಾ ಬಿಟ್ಟರೆ ಜನ ಬೀದಿಗೆ ಬರುವುದಿಲ್ಲ, ನೆಲಮಾಳಿಗೆಯ ಕಾರಿಗೆ ಇಳಿಯುತ್ತಾರೆ. ನಿಮ್ಮ ಕಡಲೆಕಾಯಿ ಪೊಟ್ಟಣವನ್ನು ಗಿರಾಕಿ ಒಳಗೆ ಒಯ್ಯುವಂತೆಯೂ ಇಲ್ಲ. ಹೊರಗಿನ ತಿಂಡಿ ತಡೆಯಬಾರದೆಂದು ಜಮ್ಮು-ಕಾಶ್ಮೀರದ ಹೈಕೋರ್ಟು 2018ರಲ್ಲಿ ಹೇಳಿತ್ತು. 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿತು. ಚಿತ್ರಮಂದಿರ ಖಾಸಗಿ ಆಸ್ತಿ, ಷರತ್ತು ಮಾಲೀಕನದು, ಕುಡಿಯುವ ನೀರು ಮಾತ್ರ ಬಿಟ್ಟಿ ಕೊಡಬೇಕು ಎಂದಿತು. ಕೋರ್ಟಿನ ಮಾತಿಗೆ ತಲೆಬಾಗೋಣ. ಆದರೆ ಕಾನೂನು ಹಾಗಿದ್ದರೆ ಕಾನೂನನ್ನು ಬದಲಾಯಿಸಲು ಶಾಸನಸಭೆ ಇದೆಯಲ್ಲ?

ಶಾಸನಸಭೆಯವರ ಶೌರ್ಯವನ್ನೂ ನೋಡಿದ್ದೇವೆ. 2017ರಲ್ಲಿ ಮಲ್ಟಿಪ್ಲೆಕ್ಸ್ ಟಿಕೆಟಿಗೆ 200 ರೂಪಾಯಿಯ ಮಿತಿ ಎಂದು ಆದೇಶ ಹೊರಟಿತು, ನಿಲ್ಲಲಿಲ್ಲ. 2025ರ ಬಜೆಟ್ಟಿನಲ್ಲಿ ಮತ್ತೆ 200 ರೂಪಾಯಿ, ಸೆಪ್ಟೆಂಬರಿನಲ್ಲಿ ನಿಯಮ, ಅದೇ ತಿಂಗಳು ಹೈಕೋರ್ಟಿನ ತಡೆಯಾಜ್ಞೆ. ಪಕ್ಕದ ತಮಿಳುನಾಡಿನಲ್ಲಿ ಬಹಳ ಕಾಲದಿಂದ ಸರ್ಕಾರವೇ ಗರಿಷ್ಠ ದರ ಕಟ್ಟುತ್ತ ಬಂದಿದೆ, 2017ರಲ್ಲಿ ಅದನ್ನು 150 ರೂಪಾಯಿ ಎಂದಿತ್ತು. ಅಲ್ಲಿ ಸಾಧ್ಯವಾದುದು ಇಲ್ಲಿ ಪ್ರತಿಸಲವೂ ಕೋರ್ಟಿನ ಮೆಟ್ಟಿಲಲ್ಲೇ ಎಡವುವುದೇಕೆ? ಅಲ್ಲದೆ 200 ರೂಪಾಯಿಯೇ ಬಡವನ ದರ ಎಂದು ಯಾರು ಹೇಳಿದರು? ಗಂಡ, ಹೆಂಡತಿ, ಎರಡು ಮಕ್ಕಳು ಹೋದರೆ 800, ಶೇಕಡ 18 ತೆರಿಗೆ ಸೇರಿ 944. ಗಾರ್ಮೆಂಟ್ ಕಾರ್ಖಾನೆಯ ಹೆಣ್ಣುಮಗಳಿಗೆ ಅದು ಸುಮಾರು ಎರಡು ದಿನದ ಕೂಲಿ. ಮಕ್ಕಳು ಜೋಳದ ಅರಳು ಕೇಳದೆ ಇದ್ದರೆ!

"ನೆಲ ನನ್ನದು, ಏನಾದರೂ ಕಟ್ಟುತ್ತೇನೆ" ಎನ್ನುತ್ತಾನೆ ಮಾಲೀಕ. ನೆಲ ನಿನ್ನದಿರಬಹುದು. ಸಿನಿಮಾ ಆಡಿಸುವ ಪರವಾನಗಿ 1964ರ ಕಾಯಿದೆಯಂತೆ ಸರ್ಕಾರ ಕೊಟ್ಟದ್ದು. ಮಾಲ್ ಕಟ್ಟುವ ನಕ್ಷೆಗೆ ಒಪ್ಪಿಗೆಯೂ ಸಾರ್ವಜನಿಕ ಸಂಸ್ಥೆ ಕೊಡತಕ್ಕದ್ದು. ಕೊಡುವವರು ಷರತ್ತು ಹಾಕಬಹುದು. ಮಹಾರಾಷ್ಟ್ರದಲ್ಲಿ ಹಳೆಯ ಚಿತ್ರಮಂದಿರ ಕೆಡವಿ ಹೊಸದು ಕಟ್ಟುವವನು ಹಿಂದಿದ್ದ ಸೀಟುಗಳಲ್ಲಿ ಒಂದು ಪಾಲಿನಷ್ಟು ಸೀಟಿನ ಮಂದಿರ ಅಲ್ಲಿ ಉಳಿಸಬೇಕೆಂಬ ನಿಯಮ ತಂದಿದ್ದರು. ಮಾಲೀಕರಿಗೆ ಅದು ಮುಳ್ಳಾಗಿತ್ತು, ಆದುದರಿಂದಲೇ ಅದು ಒಳ್ಳೆಯ ನಿಯಮ. ಕೇರಳದಲ್ಲಿ ಸರ್ಕಾರದ ಚಲನಚಿತ್ರ ನಿಗಮ 1975ರಲ್ಲಿ ಹುಟ್ಟಿ, ತಿರುವನಂತಪುರದ ಕೈರಳಿ, ಶ್ರೀ ಮುಂತಾದ ಚಿತ್ರಮಂದಿರಗಳನ್ನು ತಾನೇ ನಡೆಸಿದೆ. ಸರ್ಕಾರ ಹಾಲು ಮಾರಬಹುದು, ಸಾಬೂನು ಮಾಡಬಹುದು, ಬಸ್ ಓಡಿಸಬಹುದು. ಸಿನಿಮಾ ತೋರಿಸಿದರೆ ಮಾತ್ರ ಮುಳುಗಿಹೋಗುತ್ತದೆಯೇ?

ಬೆಂಗಳೂರಿನ ಮಾತು ನಮಗೇಕೆ ಎನ್ನಬೇಡಿ. ಕಪಾಲಿಯ ನಂತರವೂ ಅಲ್ಲಿ ಸರದಿ ನಿಂತಿಲ್ಲ. 1974ರಲ್ಲಿ ತೆರೆದ ಕಾವೇರಿ ಚಿತ್ರಮಂದಿರ ಐವತ್ತು ತುಂಬಿದ 2024ರಲ್ಲೇ ಮುಚ್ಚಿತು. ನಮ್ಮಂಥ ಜಿಲ್ಲಾ ಪಟ್ಟಣಗಳಲ್ಲಿಯೂ ಮುಖ್ಯ ಬೀದಿಯ ಟಾಕೀಸುಗಳು ಕಲ್ಯಾಣ ಮಂಟಪಗಳಾಗುತ್ತಿವೆ, ಬಟ್ಟೆಯ ಮಳಿಗೆಗಳಾಗುತ್ತಿವೆ, ಕೆಲವು ಬೀಗ ಹಾಕಿ ನೆಲದ ಬೆಲೆ ಇನ್ನೂ ಏರಲೆಂದು ಕಾಯುತ್ತಿವೆ. ಉಸಿರು ಹಿಡಿದು ನಿಂತ ಕೆಲವನ್ನು ಉಳಿಸಲು ಇನ್ನೂ ಹೊತ್ತಿದೆ.

ಆದುದರಿಂದ ನಮ್ಮ ಬೇಡಿಕೆ ಇಷ್ಟು. ಟಾಕೀಸಿನ ನೆಲದಲ್ಲಿ ಬೇರೆ ಕಟ್ಟಡ ಎಬ್ಬಿಸುವ ಅರ್ಜಿ ಬಂದಾಗ, ಹಳೆಯ ಸೀಟುಗಳ ಮೂರರಲ್ಲಿ ಒಂದು ಪಾಲಿನ ಚಿತ್ರಮಂದಿರ ಅದೇ ಕಟ್ಟಡದ ನೆಲ ಅಂತಸ್ತಿನಲ್ಲಿ, ಬೀದಿಗೆ ಬಾಗಿಲು ಇಟ್ಟು ಕಟ್ಟಬೇಕು. ಮಾಲಿನ ಕಾವಲುಗಾರನನ್ನು ದಾಟಿ ಹೋಗುವಂತಿರಬಾರದು. ಪ್ರತಿ ಆಟದಲ್ಲೂ ಹತ್ತರಲ್ಲಿ ಎರಡು ಸೀಟು ಗಾಂಧಿ ಕ್ಲಾಸಿನ ದರದ್ದಾಗಿರಬೇಕು, ಆ ದರವನ್ನು ಕನಿಷ್ಠ ಕೂಲಿಗೆ ಕಟ್ಟಬೇಕು. ಕೆಲಸ ಕಳೆದುಕೊಂಡವರ ಬಾಕಿ ತೀರಿಸಿದ ರಸೀತಿ ಇಲ್ಲದೆ ಕೆಡವಲು ಅನುಮತಿ ಕೂಡದು. ಮಾಲೀಕನಿಗೆ ನಡೆಸಲು ಇಷ್ಟವಿಲ್ಲದಿದ್ದರೆ ನೌಕರರ ಸಹಕಾರ ಸಂಘಕ್ಕೋ ನಗರಸಭೆಗೋ ನಡೆಸಲು ಕೊಡಲಿ.

ಪರವಾನಗಿ ಕೊಡುವ ಅಧಿಕಾರ ಜಿಲ್ಲೆಯಲ್ಲಿ ಜಿಲ್ಲಾ ಮ್ಯಾಜಿಸ್ಟ್ರೇಟರದು, ಕಟ್ಟಡದ ಒಪ್ಪಿಗೆ ನಗರಸಭೆಯದು. ನಿಮ್ಮ ಬೀದಿಯ ಟಾಕೀಸಿನ ಸುತ್ತ ತಗಡಿನ ಬೇಲಿ ಎದ್ದರೆ ಅಂದೇ ಹೋಗಿ ನಕ್ಷೆಯ ಪ್ರತಿ ಕೇಳಿ, ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ ಸಾಕು. ಆಕ್ಷೇಪಣೆಯನ್ನು ಬರವಣಿಗೆಯಲ್ಲಿ ಕೊಟ್ಟು ಮುದ್ರೆ ಹಾಕಿಸಿಕೊಳ್ಳಿ. ಅದರ ಒಂದು ಪ್ರತಿಯನ್ನು ಈ ಪತ್ರಿಕೆಯ ಕಚೇರಿಗೂ ತಲುಪಿಸಿದರೆ ಮುಂದಿನ ವಾರವೇ ಅಚ್ಚು ಹಾಕುತ್ತೇವೆ.